ಬಿದಿರಿನಲ್ಲಿ ಕಟ್ಟಿದ ಊರು

ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಹಳೆಯ ಬಾವಿಯಿದೆ. ಜನ ಅದನ್ನು ಕಾಂಗ್ರೆಸ್ ಬಾವಿ ಎಂದೇ ಕರೆಯುತ್ತಾರೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ನೀರು ಬೇಕಾಗಿತ್ತು. ಅದಕ್ಕಾಗಿ ಅಂದು ನಾಲ್ಕು ಸಾವಿರ ರೂಪಾಯಿಗಿಂತ ಹೆಚ್ಚು ಖರ್ಚು ಮಾಡಿ ಈ ಬಾವಿ ತೋಡಿದರು; ಪಂಪಾ ಸರೋವರ ಎಂದು ಹೆಸರಿಟ್ಟರು. ಅಧಿವೇಶನದ ಬಯಲಿಗೆ ಇಟ್ಟ ಹೆಸರು ವಿಜಯನಗರ. ಮಹಾದ್ವಾರಕ್ಕೆ ಹಂಪಿಯ ವಿರೂಪಾಕ್ಷ ಗುಡಿಯ ಗೋಪುರವೇ ಮಾದರಿ. ಅದು ಸುಮಾರು 70 ಅಡಿ ಎತ್ತರವಿತ್ತು. ಹಿಂದಿನ ವರ್ಷ ಕಾಕಿನಾಡದಲ್ಲಿ ಅಧ್ಯಕ್ಷರಾಗಿದ್ದ ಮೌಲಾನಾ ಮುಹಮ್ಮದಲಿಯವರಿಂದ ಗಾಂಧೀಜಿ ಅಧಿಕಾರ ವಹಿಸಿಕೊಂಡದ್ದು ಇಲ್ಲಿಯೇ. ಅಧಿವೇಶನ ಮುಗಿಯಿತು, ಗೋಪುರ ಇಳಿಯಿತು, ಪೆಂಡಾಲು ಬಿಚ್ಚಿದರು. ಬಾವಿಯೊಂದು ಉಳಿಯಿತು.

ತಾತ್ಕಾಲಿಕವಾಗಿ ಏನನ್ನಾದರೂ ಕಟ್ಟುವವನಿಗೆ ಒಂದು ಸ್ವಾತಂತ್ರ್ಯವಿರುತ್ತದೆ. ನೂರು ವರ್ಷ ಬಾಳಬೇಕೆಂಬ ಚಿಂತೆಯಿಲ್ಲ. ಆದ್ದರಿಂದ ತನ್ನ ಮನಸ್ಸಿನಲ್ಲಿರುವ ಆದರ್ಶ ಲೋಕ ಯಾವುದು ಎಂಬುದನ್ನು ಆತ ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತಾನೆ. ಬೆಳಗಾವಿಯಲ್ಲಿ ಅದು ಸಾಮ್ರಾಜ್ಯದ ರಾಜಧಾನಿಯಾಗಿತ್ತು. ಕರ್ನಾಟಕದ ಏಕೀಕರಣದ ಕನಸು ಕಾಣುತ್ತಿದ್ದವರಿಗೆ ಹಂಪಿಯ ಗೋಪುರ ಸಹಜವಾದ ಆಯ್ಕೆ. ಆದರೆ ಅದೇ ಬಯಲಿನಲ್ಲಿ ಗಾಂಧೀಜಿಗಾಗಿ ಗಂಗಾಧರರಾವ್ ದೇಶಪಾಂಡೆಯವರು ಬಿದಿರು ಮತ್ತು ಖಾದಿಯಿಂದ ಒಂದು ಗುಡಿಸಲು ಕಟ್ಟಿಸಿದ್ದರು. ಅದಕ್ಕೆ 350 ರೂಪಾಯಿ ಬಿದ್ದಿತ್ತು. ಗಾಂಧೀಜಿ ಅದನ್ನು ಕಂಡು ಇದೇನು ಖಾದಿ ಅರಮನೆ ಎಂದು ಚುಚ್ಚಿದ್ದರಂತೆ. ಗೋಪುರ ಮತ್ತು ಗುಡಿಸಲು ಎರಡೂ ಒಂದೇ ಬಯಲಿನಲ್ಲಿದ್ದವು. ಹನ್ನೆರಡು ವರ್ಷಗಳ ನಂತರ ಗುಡಿಸಲು ಗೆದ್ದಿತು. 1936ರಲ್ಲಿ ಖಾನ್‌ದೇಶದ ಫೈಝ್‌ಪುರದಲ್ಲಿ, 1938ರಲ್ಲಿ ಗುಜರಾತಿನ ಹರಿಪುರದಲ್ಲಿ ಇಡೀ ಅಧಿವೇಶನ ಮತ್ತು ಅದರ ವಸ್ತುಪ್ರದರ್ಶನವನ್ನು ಹಳ್ಳಿಯ ಮಾದರಿಯಲ್ಲೇ ಕಟ್ಟಿದರು. ಆ ಕಟ್ಟಡಗಳ ಕಥೆಯನ್ನು ಕಲಾ ಚರಿತ್ರೆಯವರು ಬರೆದಿದ್ದಾರೆ. ಆದರೆ ಹಳ್ಳಿಯನ್ನು ಮಾದರಿಯಾಗಿ ಇಟ್ಟುಕೊಂಡಾಗ ಹಳ್ಳಿಯ ಯಾವ ಭಾಗ ಒಳಗೆ ಬಂತು, ಯಾವುದು ಹೊರಗೆ ಉಳಿಯಿತು ಎಂಬ ಪ್ರಶ್ನೆಯನ್ನು ಅಷ್ಟಾಗಿ ಕೇಳಿದಂತಿಲ್ಲ.

ಲಂಡನ್ನಿನ ಚಳಿಯಲ್ಲೊಂದು ಹಳ್ಳಿ

ಭಾರತದ ಹಳ್ಳಿಯನ್ನು ಪ್ರದರ್ಶನಕ್ಕಿಡುವ ಕಲ್ಪನೆ ಗಾಂಧೀಜಿಯದ್ದಲ್ಲ. 1885ರ ಚಳಿಗಾಲದಲ್ಲಿ ಲಂಡನ್ನಿನ ಬ್ಯಾಟರ್‌ಸೀ ಎಂಬಲ್ಲಿ ಲಿಬರ್ಟಿ ಎಂಬ ಬಟ್ಟೆ ಮಳಿಗೆಯವರು ಒಂದು 'ಭಾರತೀಯ ಗ್ರಾಮ' ಕಟ್ಟಿದ್ದರು. ನಲವತ್ತಕ್ಕೂ ಹೆಚ್ಚು ಮಂದಿಯನ್ನು ಭಾರತದಿಂದ ಕರೆತಂದು ಅಲ್ಲಿ ಕೂರಿಸಿದರು. ಅವರು ಕೆಲಸ ಮಾಡಬೇಕು, ಬಿಳಿಯರು ಬಂದು ನೋಡಬೇಕು. ಗಾಜಿನ ಕಟ್ಟಡದ ಚಳಿಯಲ್ಲಿ ಆ ಬಡಪಾಯಿಗಳು ನಡುಗಿದರು. ಮಾತಿನಂತೆ ನಡೆದುಕೊಂಡಿಲ್ಲ ಎಂಬ ದೂರುಗಳೂ ಬಂದವು. ವ್ಯಾಪಾರದ ದೃಷ್ಟಿಯಿಂದಲೂ ಅದು ಸೋತಿತು.

ಮರುವರ್ಷ, 1886ರಲ್ಲಿ, ಲಂಡನ್ನಿನಲ್ಲೇ ವಸಾಹತುಗಳ ದೊಡ್ಡ ಪ್ರದರ್ಶನ ನಡೆಯಿತು. ಅಲ್ಲಿಯೂ ಭಾರತದ ಕುಶಲಕರ್ಮಿಗಳು ಇದ್ದರು. ನೇಕಾರರು, ಕುಂಬಾರರು, ಜಮಖಾನೆ ನೇಯುವವರು. ತಮ್ಮ ಪರಂಪರೆಯ ಕಸುಬನ್ನು ತೋರಿಸಲು ಹಳ್ಳಿಗಳಿಂದ ಬಂದವರು ಎಂದು ಪ್ರೇಕ್ಷಕರು ನಂಬಿದ್ದರು. ನಿಜವಾಗಿ ಅವರಲ್ಲಿ ಹೆಚ್ಚಿನವರು ಆಗ್ರಾದ ಜೈಲಿನಿಂದ ಬಂದವರು. ಜೈಲಿನಲ್ಲಿ ಕೈದಿಗಳಿಗೆ ಕಸುಬು ಕಲಿಸುತ್ತಿದ್ದರು. ಕಲಿತವರನ್ನು ಹಡಗು ಹತ್ತಿಸಿದರು. ಹಳ್ಳಿಯ ಹೆಸರಿನಲ್ಲಿ ಜೈಲನ್ನು ತೋರಿಸಿದ ಆ ಪ್ರದರ್ಶನಕ್ಕೆ ಲಕ್ಷಗಟ್ಟಲೆ ಜನ ಬಂದು ಹೋದರು.

ಅದೇ ಹೊತ್ತಿಗೆ ಭಾರತದಲ್ಲಿ ಮಗ್ಗಗಳು ಮೂಲೆ ಸೇರುತ್ತಿದ್ದವು. ಮ್ಯಾಂಚೆಸ್ಟರಿನ ಬಟ್ಟೆ ಹಳ್ಳಿಯ ಸಂತೆಗೂ ಬಂದಿತ್ತು. ನೇಕಾರನ ಕಸುಬನ್ನು ಮುರಿದವರೇ ಅವನನ್ನು ಕರೆದೊಯ್ದು ಕನ್ನಡಿಯ ಮನೆಯಲ್ಲಿ ಕೂರಿಸಿ ಚಪ್ಪಾಳೆ ತಟ್ಟಿದರು.

ತಟ್ಟಿ ಕಟ್ಟಿದ ಅಡುಗೆಮನೆ

ಇನ್ನು ನಮ್ಮವರ ಕಡೆಗೆ ಬರೋಣ. 1901ರಲ್ಲಿ ಕಲಕತ್ತೆಯಲ್ಲಿ ಕಾಂಗ್ರೆಸ್ ಅಧಿವೇಶನ. ದಕ್ಷಿಣ ಆಫ್ರಿಕಾದಿಂದ ಬಂದಿದ್ದ ಗಾಂಧೀಜಿ ಅಲ್ಲಿ ಎರಡು ದೃಶ್ಯ ಕಂಡರು. ತಮ್ಮ ಆತ್ಮಕಥೆಯಲ್ಲಿ ಅದನ್ನು ಬರೆದಿದ್ದಾರೆ. ಮೊದಲನೆಯದು ತಮಿಳು ಪ್ರತಿನಿಧಿಗಳ ಅಡುಗೆಮನೆ. ಉಳಿದವರ ಬಿಡಾರದಿಂದ ದೂರದಲ್ಲಿ ಸುತ್ತಲೂ ತಟ್ಟಿ ಕಟ್ಟಿ ಅದನ್ನು ಮಾಡಿದ್ದರು. ಉಣ್ಣುವಾಗ ಬೇರೆಯವರ ಕಣ್ಣು ಬಿದ್ದರೂ ಮೈಲಿಗೆ. ಆದ್ದರಿಂದ ಅಡುಗೆ, ಊಟ, ಕೈ ತೊಳೆಯುವುದು ಎಲ್ಲವೂ ಅದೇ ಗೋಡೆಯೊಳಗೆ, ಹೊಗೆಯಲ್ಲಿ. ಎರಡನೆಯದು ಪಾಯಿಖಾನೆಗಳು. ಅವು ಕೆಲವೇ ಇದ್ದವು. ಗಬ್ಬು ನಾರುತ್ತಿದ್ದವು. ಸ್ವಯಂಸೇವಕರನ್ನು ಕೇಳಿದರೆ ಅದು ಜಾಡಮಾಲಿಯ ಕೆಲಸ ಎಂದರು. ಗಾಂಧೀಜಿ ಪೊರಕೆ ಕೇಳಿ ಪಡೆದು ತಾವೇ ಶುಚಿ ಮಾಡಿಕೊಂಡರು.

ತಾತ್ಕಾಲಿಕ ಬಿಡಾರದ ನಕ್ಷೆ ಎಂದರೆ ಇದು. ಯಾವ ವಾಸ್ತುಶಿಲ್ಪಿಯೂ ಆ ತಟ್ಟಿಯನ್ನು ಕಾಗದದ ಮೇಲೆ ಬರೆದಿರಲಾರ. ಅದು ತಾನಾಗಿಯೇ ಎದ್ದಿತು. ಊರಲ್ಲಿ ಹೇಗಿತ್ತೋ ಬಯಲಿನಲ್ಲೂ ಹಾಗೆಯೇ. ನಾಲ್ಕು ದಿನದ ಊರು ಕಟ್ಟಿದರೂ ಅಲ್ಲೊಂದು ಅಗ್ರಹಾರ, ಅಲ್ಲೊಂದು ಹೊರಗೇರಿ ಹುಟ್ಟಿಕೊಳ್ಳುತ್ತದೆ. ಗಾಂಧೀಜಿಯ ಮನಸ್ಸಿನಲ್ಲಿ ಇದು ಉಳಿಯಿತು. ಮುಂದೆ ಅಧಿವೇಶನಗಳ ಮಾತು ಬಂದಾಗಲೆಲ್ಲ ಅವರು ಭಾಷಣ, ಠರಾವುಗಳಷ್ಟೇ ಗಮನವನ್ನು ಪಾಯಿಖಾನೆಯ ಗುಂಡಿಗೂ ಕೊಟ್ಟರು.

ಫೈಝ್‌ಪುರ

1934ರ ಕೊನೆಗೆ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಹುಟ್ಟಿತು. 1936ರ ವಸಂತದಲ್ಲಿ ಲಕ್ನೋ ಅಧಿವೇಶನದ ಪ್ರದರ್ಶನಕ್ಕೆ ಶಾಂತಿನಿಕೇತನದ ಕಲಾಭವನದಿಂದ ನಂದಲಾಲ್ ಬೋಸರನ್ನು ಗಾಂಧೀಜಿ ಕರೆಸಿಕೊಂಡರು. ಅದೇ ಏಪ್ರಿಲ್ ಕೊನೆಗೆ ಅವರೇ ವಾರ್ಧಾ ಬಿಟ್ಟು ಸೇಗಾಂವ್ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಅದೇ ಮುಂದೆ ಸೇವಾಗ್ರಾಮವಾಯಿತು. ಕಾಂಗ್ರೆಸ್ ಕೂಡ ಹಳ್ಳಿಗೆ ಹೋಗಬೇಕೆಂಬುದು ಅವರ ಹಟ. ಆ ವರ್ಷದ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಹಳ್ಳಿಯೊಂದರಲ್ಲಿ ಅಧಿವೇಶನ ಸೇರಿತು. ಅದೇ ಫೈಝ್‌ಪುರ. ಇಂದು ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯಲ್ಲಿದೆ. ಫೈಝ್ ಎಂದರೆ ಅರಬಿಯಲ್ಲಿ ಕೃಪೆ, ಸಮೃದ್ಧಿ. ಹತ್ತಿ ಬೆಳೆಯುವ ಕಪ್ಪು ನೆಲಕ್ಕೆ ಒಪ್ಪುವ ಹೆಸರು.

ಅಧಿವೇಶನದ ಬಿಡಾರಕ್ಕೆ ತಿಲಕನಗರ ಎಂದು ಹೆಸರಿಟ್ಟರು. ನಕ್ಷೆ ಮ್ಹಾತ್ರೆ ಎಂಬ ವಾಸ್ತುಶಿಲ್ಪಿಯದು. ಕಲೆಯ ಹೊಣೆ ನಂದಲಾಲರದು. ಗಾಂಧೀಜಿಯ ಷರತ್ತು ಒಂದೇ: ಸುತ್ತಮುತ್ತಲ ಹಳ್ಳಿಗಳಲ್ಲಿ ಸಿಗುವ ವಸ್ತು, ಅಲ್ಲಿಯ ಜನರ ಕೈಕೆಲಸ, ಇಷ್ಟರಲ್ಲೇ ಮುಗಿಯಬೇಕು. ಹಾಗಾಗಿ ಬಿದಿರು, ಚಾಪೆ, ಹುಲ್ಲು, ಹಗ್ಗ. ಅಲಂಕಾರಕ್ಕೂ ಹಳ್ಳಿಯ ಬುಟ್ಟಿ, ಮಡಕೆಗಳೇ. ಅಧ್ಯಕ್ಷ ಜವಾಹರಲಾಲ್ ನೆಹರೂ ಅವರ ಮೆರವಣಿಗೆಗೆ ಮೋಟಾರು ಬಿಟ್ಟು ಎತ್ತುಗಳು ಎಳೆಯುವ ರಥವನ್ನು ಸಿಂಗರಿಸಿದರು.

ಇದು ಅಗ್ಗದ ಕೆಲಸವೇನಲ್ಲ ಎಂಬುದನ್ನು ಬಿದಿರಿನಲ್ಲಿ ಕೆಲಸ ಮಾಡಿದವರು ಬಲ್ಲರು. ಕಲ್ಲು, ಇಟ್ಟಿಗೆಯ ಕಟ್ಟಡದಲ್ಲಿ ಭಾರ ನೆಲಕ್ಕೆ ಇಳಿಯುತ್ತದೆ, ಅದೇ ಅದರ ಬಲ. ಬಿದಿರಿನ ಮಂಟಪಕ್ಕೆ ಭಾರವೇ ಇಲ್ಲ. ಅದರ ಶತ್ರು ಗಾಳಿ. ಗಾಳಿ ಮಾಡನ್ನು ಕೆಳಗಿನಿಂದ ಎತ್ತುತ್ತದೆ. ಆದ್ದರಿಂದ ಕಂಬವನ್ನು ನಿಲ್ಲಿಸುವುದಕ್ಕಿಂತ ಅದನ್ನು ನೆಲಕ್ಕೆ ಹಿಡಿದು ಕಟ್ಟುವುದು ಮುಖ್ಯ. ಮೊಳೆ ಹೊಡೆದರೆ ಬಿದಿರು ಸೀಳುತ್ತದೆ, ಹಗ್ಗದ ಕಟ್ಟೇ ಬೇಕು. ಆ ಗಂಟು ಹಾಕುವ ಕೈ ಊರಲ್ಲಿರುತ್ತದೆಯೇ ಹೊರತು ಕಲಾಶಾಲೆಯಲ್ಲಲ್ಲ. ಬೆಂಕಿಯ ಭಯ ಬೇರೆ. ಹುಲ್ಲಿನ ಊರಿನಲ್ಲಿ ಒಲೆ ಎಲ್ಲಿರಬೇಕು ಎಂಬುದೇ ಅರ್ಧ ನಕ್ಷೆಯನ್ನು ತೀರ್ಮಾನಿಸುತ್ತದೆ. ನಮ್ಮ ಹಳೆಯ ಹಳ್ಳಿಗಳಲ್ಲಿ ಬಣವೆಗಳನ್ನು ಮನೆಗಳಿಂದ ದೂರ ಒಟ್ಟುವುದು, ಕುಂಬಾರನ ಆವಿಗೆ ಊರ ಅಂಚಿಗಿರುವುದು ಸುಮ್ಮನೆ ಅಲ್ಲ.

ಡಿಸೆಂಬರ್ 25ರಂದು ಪ್ರದರ್ಶನವನ್ನು ಉದ್ಘಾಟಿಸಿದ ಗಾಂಧೀಜಿ ಮ್ಹಾತ್ರೆ, ನಂದಲಾಲ್ ಇಬ್ಬರನ್ನೂ ಹೆಸರಿಸಿ ಹೊಗಳಿದರು. ಇದು ತಮಾಷೆ ನೋಡಲು ಬರುವ ಜಾಗವಲ್ಲ, ಹಳ್ಳಿಯವನು ಬಂದು ತನ್ನ ಕಸುಬನ್ನು ಉತ್ತಮಪಡಿಸುವ ದಾರಿ ಕಲಿತು ಹೋಗುವ ಶಾಲೆ ಎಂಬುದು ಅವರ ಮಾತಿನ ತಾತ್ಪರ್ಯ. ಲಂಡನ್ನಿನ ಹಳ್ಳಿಗೂ ಇದಕ್ಕೂ ಇರುವ ವ್ಯತ್ಯಾಸ ಇದು. ಅಲ್ಲಿ ನೋಡುವವರು ಬೇರೆ, ನೋಡಿಸಿಕೊಳ್ಳುವವರು ಬೇರೆ. ಇಲ್ಲಿ ಹಳ್ಳಿಯವನೇ ನೋಡಲು ಬಂದ ಗಿರಾಕಿ.

ಹತ್ತಿ ಹಿಂಜುವವನ ವಿಷಯ ಇಲ್ಲಿ ಹೇಳಬೇಕು. ಚರಕ ಎಲ್ಲರಿಗೂ ಗೊತ್ತು. ಆದರೆ ಹಿಂಜಿದ ಹತ್ತಿಯಿಲ್ಲದೆ ಚರಕ ತಿರುಗುವುದಿಲ್ಲ. ಖಾದಿಯ ಆರಂಭದ ದಿನಗಳಲ್ಲಿ ಚರಕ ಸಿಕ್ಕಿದ ಮೇಲೂ ಹಂಜಿ ಸಿಗದೆ ಪರದಾಡಿ, ಕೊನೆಗೆ ತಿಂಗಳಿಗೆ 35 ರೂಪಾಯಿ ಕೇಳಿದ ಒಬ್ಬ ಹಿಂಜುವವನನ್ನು ಗಂಗಾಬೆಹನ್ ಹುಡುಕಿ ತಂದ ಸಂಗತಿ ಗಾಂಧೀಜಿಯ ಆತ್ಮಕಥೆಯಲ್ಲಿದೆ. ನಮ್ಮ ಕಡೆ ಈ ಕಸುಬು ಪಿಂಜಾರರದು, ನದಾಫರದು. ಬಿಲ್ಲು ಹೆಗಲಿಗೇರಿಸಿ ಊರೂರು ತಿರುಗಿದವರು. ಸ್ವದೇಶಿಯ ಚಿತ್ರದಲ್ಲಿ ನೂಲುವ ತಾಯಿ ಎದ್ದು ಕಾಣುತ್ತಾಳೆ, ಅವಳಿಗೆ ಹಂಜಿ ಕೊಟ್ಟ ಪಿಂಜಾರ ಹಿಂದೆಯೇ ಉಳಿದಿದ್ದಾನೆ.

ನಡೆದು ಬಂದ ಹಳ್ಳಿ

ಫೈಝ್‌ಪುರಕ್ಕೆ ಇನ್ನೊಂದು ಹಳ್ಳಿಯೂ ಬಂತು. ಅದನ್ನು ಯಾರೂ ವಿನ್ಯಾಸ ಮಾಡಿರಲಿಲ್ಲ. ಅದೇ ದಿನಗಳಲ್ಲಿ ಅಲ್ಲಿ ಅಖಿಲ ಭಾರತ ಕಿಸಾನ್ ಸಭೆಯ ಅಧಿವೇಶನವಿತ್ತು. ಅದಕ್ಕೆಂದು ಮನಮಾಡಿನಿಂದ 500ಕ್ಕೂ ಹೆಚ್ಚು ರೈತರು 200 ಮೈಲಿಗೂ ಮಿಕ್ಕ ದಾರಿಯನ್ನು ಕಾಲ್ನಡಿಗೆಯಲ್ಲಿ ಸವೆಸಿ ಬಂದರು. ಮುಂದಾಳುಗಳು ವಿ.ಎಂ. ಭುಸ್ಕುಟೆ ಮತ್ತು ಜೆ. ಬುಖಾರಿ. ದಾರಿಯುದ್ದಕ್ಕೂ ಸಾಲದ, ಗೇಣಿಯ, ಕಂದಾಯದ ಮಾತು. ಬಂದು ತಲುಪಿದಾಗ ಸ್ವಾಗತಿಸಿದವರಲ್ಲಿ ನೆಹರೂ, ಎಂ.ಎನ್. ರಾಯ್, ನರೇಂದ್ರ ದೇವ್, ಡಾಂಗೆ, ಯೂಸುಫ್ ಮೆಹರಲಿ ಇದ್ದರು.

ಈ ರೈತರು ಬಿದಿರಿನ ದ್ವಾರದ ಕೆಳಗೆ ನಿಂತಾಗ ಏನು ಅಂದುಕೊಂಡಿರಬಹುದು? ನಾವು ಊಹಿಸಬಹುದಷ್ಟೆ. ಒಳಗೆ ಇದ್ದದ್ದು ಮಡಕೆ, ಬುಟ್ಟಿ, ಎತ್ತಿನ ರಥದ ಹಳ್ಳಿ. ಅವರು ಹೊತ್ತು ತಂದದ್ದು ಸಾಹುಕಾರನ ಲೆಕ್ಕದ ಪುಸ್ತಕದ ಹಳ್ಳಿ. ಫೈಝ್‌ಪುರ ಕಾಂಗ್ರೆಸ್ ಕೃಷಿ ಕಾರ್ಯಕ್ರಮವೊಂದನ್ನು ಅಂಗೀಕರಿಸಿತು: ಗೇಣಿ, ಕಂದಾಯದ ಇಳಿಕೆ, ಸಾಲದ ಹೊರೆ ತಗ್ಗಿಸುವುದು, ಬಿಟ್ಟಿ ಚಾಕರಿಯ ರದ್ದತಿ. ಎರಡು ಹಳ್ಳಿಗಳೂ ಒಂದೇ ಬಯಲಿನಲ್ಲಿ ಸೇರಿದ್ದರಿಂದ ಫೈಝ್‌ಪುರಕ್ಕೆ ಒಂದು ತೂಕ ಬಂತು ಎಂದು ನನಗನಿಸುತ್ತದೆ. ಬರೀ ಬಿದಿರಿನದ್ದಾಗಿದ್ದರೆ ಅದೊಂದು ಒಳ್ಳೆಯ ಚಪ್ಪರವಾಗಿ ಮುಗಿಯುತ್ತಿತ್ತು.

ಆದರೂ ಒಂದು ಹಳ್ಳಿ ಬಾಕಿಯಿತ್ತು. ಅದೇ 1936ರ ಮೇ ತಿಂಗಳಲ್ಲಿ ಡಾ. ಅಂಬೇಡ್ಕರ್ ತಮ್ಮ 'ಜಾತಿ ವಿನಾಶ' ಭಾಷಣವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದರು. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅವರನ್ನು ಕರೆದು, ಭಾಷಣದ ಪ್ರತಿ ನೋಡಿ ಹೆದರಿ ಸಭೆಯನ್ನೇ ಕೈಬಿಟ್ಟಿತ್ತು. ಅಂಬೇಡ್ಕರರಿಗೆ ಹಳ್ಳಿಯ ನಕ್ಷೆ ಬಾಲ್ಯದಿಂದ ಗೊತ್ತಿತ್ತು. ಊರು ಒಂದು ಕಡೆ, ಮಹಾರವಾಡ ಇನ್ನೊಂದು ಕಡೆ. ಮಹಾಡಿನ ಕೆರೆಯ ನೀರು ಮುಟ್ಟಲು 1927ರಲ್ಲಿ ಸತ್ಯಾಗ್ರಹವೇ ಬೇಕಾಯಿತು. ಮುಂದೆ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು ಹಳ್ಳಿಯನ್ನು ಸಂಕುಚಿತತೆಯ, ಅಜ್ಞಾನದ, ಕೋಮು ಭಾವನೆಯ ಗೂಡು ಎಂದು ಕರೆದರು. ಹಳ್ಳಿಯನ್ನು ರಾಜ್ಯವ್ಯವಸ್ಥೆಯ ಘಟಕವಾಗಿಸಬೇಕೆಂದು ಬಯಸಿದ ಸದಸ್ಯರಿಗೆ ಆ ಮಾತು ಬಹಳ ನೋವು ತಂದಿತು.

ನಮ್ಮ ಉತ್ತರ ಕರ್ನಾಟಕದ ಒಂದು ಹಳ್ಳಿಯ ನಕ್ಷೆಯನ್ನು ಯಾರಾದರೂ ಪ್ರಾಮಾಣಿಕವಾಗಿ ಬರೆಯಲಿ. ಅಗಸಿ ಇದೆ. ಅಗಸಿಯ ಬಳಿ ಹನುಮಪ್ಪನ ಗುಡಿ. ಚಾವಡಿ, ಕಟ್ಟೆ, ಅರಳಿ ಮರ. ನಡುವೆ ಎಲ್ಲೋ ಮೊಹರಂನ ಅಲಾಯಿ ಕುಣಿ. ಮುಸ್ಲಿಮರ ಮನೆ ಒಂದೂ ಇಲ್ಲದ ಊರಿನಲ್ಲೂ ಅಲಾಯಿ ದೇವರನ್ನು ಕೂರಿಸುವುದುಂಟು. ಇವೆಲ್ಲ ನಕ್ಷೆಯ ಸುಂದರ ಭಾಗ. ಇವುಗಳನ್ನು ಬರೆದ ಮೇಲೆ ಬೇರೆ ಕೇರಿಯನ್ನು, ಬೇರೆ ಬಾವಿಯನ್ನು, ಬೇರೆ ಮಸಣವನ್ನು ಬರೆಯದೆ ಬಿಡುವಂತಿಲ್ಲ. ಸಾಂಪ್ರದಾಯಿಕ ಹಳ್ಳಿಯ ವಿನ್ಯಾಸ ಎಂದರೆ ಇದಿಷ್ಟೂ ಸೇರಿ.

ಈಗ ನಮ್ಮ ಉತ್ಸವ, ಸಮ್ಮೇಳನ, ವಸ್ತುಪ್ರದರ್ಶನಗಳಲ್ಲಿ ಗ್ರಾಮೀಣ ಸೊಗಡು ಎಂಬ ಹೆಸರಿನಲ್ಲಿ ಏನು ಕಟ್ಟುತ್ತಾರೆಂದು ಎಲ್ಲರಿಗೂ ಗೊತ್ತು. ಒಂದು ಹುಲ್ಲಿನ ಗುಡಿಸಲು, ಒರಗಿಸಿಟ್ಟ ಗಾಡಿಯ ಚಕ್ರ, ಒರಳು, ಬೀಸುವ ಕಲ್ಲು, ಇಳಕಲ್ ಸೀರೆಯುಟ್ಟ ಗೊಂಬೆ. ಆ ಹಳ್ಳಿಗೆ ಕೇರಿಯಿಲ್ಲ, ಮಸೀದಿಯಿಲ್ಲ, ಸಾಲವೂ ಇಲ್ಲ. ಸೆಲ್ಫಿಗೆ ಮಾತ್ರ ಚೆನ್ನಾಗಿರುತ್ತದೆ.

ಹರಿಪುರದ ಕಮಾನುಗಳು

ಹರಿಪುರ ತಾಪಿ ನದಿಯ ದಂಡೆಯಲ್ಲಿದೆ. ಸುಭಾಷ್‌ಚಂದ್ರ ಬೋಸ್ ಅಧ್ಯಕ್ಷರಾಗಿದ್ದ 1938ರ ಫೆಬ್ರವರಿಯ ಅಧಿವೇಶನಕ್ಕೆ ಇಲ್ಲಿ ವಿಠ್ಠಲನಗರ ಎದ್ದಿತು. ಅದು ಕಾಂಗ್ರೆಸ್ಸಿನ 51ನೆಯ ಅಧಿವೇಶನವಾದ್ದರಿಂದ 51 ದ್ವಾರಗಳು. ಫೈಝ್‌ಪುರಕ್ಕಿಂತ ಇದು ಬಹಳ ದೊಡ್ಡದು, ಬಹಳ ಭರ್ಜರಿ. ಸರಳತೆಯೂ ಒಮ್ಮೆ ಯಶಸ್ವಿಯಾದರೆ ಮರುಬಾರಿ ಮೆರೆಯಲು ತೊಡಗುತ್ತದೆ.

ಆದರೆ ಇಲ್ಲಿಂದಲೇ ಒಂದು ಅಮೂಲ್ಯ ವಸ್ತು ಉಳಿದು ಬಂತು. ದ್ವಾರಗಳಿಗೆ, ಮಂಟಪಗಳಿಗೆ ತೂಗುಹಾಕಲು ನಂದಲಾಲ್ ಮತ್ತು ಅವರ ಶಿಷ್ಯರು ಸುಮಾರು 400 ಫಲಕಗಳನ್ನು ಬರೆದರು. ಅವುಗಳಲ್ಲಿ ಎಂಬತ್ತಕ್ಕೂ ಹೆಚ್ಚು ನಂದಲಾಲರ ಕೈಯವು, ಉಳಿದವು ಅವುಗಳನ್ನು ನೋಡಿ ಶಿಷ್ಯರು ಮಾಡಿದ ಪ್ರತಿಗಳು. ಕೈಕಾಗದ, ಮಣ್ಣಿನ ಬಣ್ಣ, ದಪ್ಪ ಕುಂಚದ ವೇಗದ ಗೆರೆ. ಉಳುವವನು, ಡೋಲು ಬಾರಿಸುವವನು, ಬಡಗಿ, ಬೇಟೆಗಾರ, ಕುಸ್ತಿಯ ಪೈಲ್ವಾನರು, ಭತ್ತ ಕುಟ್ಟುವ ಹೆಂಗಸರು. ದೇವತೆಯರಿಲ್ಲ, ಪುಢಾರಿಗಳಿಲ್ಲ. ಅವುಗಳ ಹಲವು ಚಿತ್ರಗಳಲ್ಲಿ ನನ್ನ ಕಣ್ಣು ನಿಲ್ಲುವುದು ಮೇಲ್ಭಾಗದ ಅಂಚಿನಲ್ಲಿ. ಅಲ್ಲೊಂದು ಕಮಾನಿದೆ. ಮೊಗಲರ ಕಟ್ಟಡಗಳಲ್ಲಿ, ನಮ್ಮ ಹಳೆಯ ಮಸೀದಿಗಳ ಮಿಹ್ರಾಬಿನಲ್ಲಿ ಕಾಣುವಂಥ ಎಸಳೆಸಳಾದ ಕಮಾನು. ಗೂಡಿನೊಳಗೆ ದೇವರನ್ನೋ ರಾಜನನ್ನೋ ಕೂರಿಸುವ ಕಡೆ ನಂದಲಾಲ್ ಉಳುವವನನ್ನು ನಿಲ್ಲಿಸಿದರು. ಅವರು ಇದನ್ನು ಸೌಹಾರ್ದದ ಸಂಕೇತವೆಂದು ಯೋಚಿಸಿ ಮಾಡಿದರೇ? ಇರಲಾರದು. ಈ ನೆಲದ ಕುಶಲಿಯ ಕೈಗೆ ಆ ಕಮಾನು ಎಂದೋ ತನ್ನದಾಗಿತ್ತು.

ಫಲಕಗಳನ್ನು ಕಟ್ಟಿದ ಜಾಗವೂ ಗಮನಾರ್ಹ. ಚೌಕಟ್ಟು ಹಾಕಿ ಕೋಣೆಯೊಳಗೆ ಸಾಲಾಗಿ ಇಡಲಿಲ್ಲ. ಜನ ಓಡಾಡುವ ದಾರಿಯಲ್ಲಿ, ಬಿಸಿಲಲ್ಲಿ, ಧೂಳಿನಲ್ಲಿ ತೂಗುಹಾಕಿದರು. ಗಾಡಿಯಲ್ಲಿ ಕುಳಿತ ರೈತ ತಲೆಯೆತ್ತಿದರೆ ತನ್ನಂಥವನೇ ಕಾಣುತ್ತಿದ್ದ.

ಆಮೇಲೆ

ಸ್ವಾತಂತ್ರ್ಯದ ನಂತರ ದಿಲ್ಲಿಗೆ ಈ ಅಭ್ಯಾಸ ಬಂತು. 1958ರ ಪ್ರದರ್ಶನದಲ್ಲಿ ತರುಣ ಚಾರ್ಲ್ಸ್ ಕೊರಿಯಾ ಕೈಮಗ್ಗದ ಮಂಟಪ ಕಟ್ಟಿದರು. ಹಸಿ ಇಟ್ಟಿಗೆಯ ಗೋಡೆ, ಮೇಲೆ ಕೊಡೆಯಂತೆ ಬಿಡಿಸಿದ ಕೈಮಗ್ಗದ ಬಟ್ಟೆ. ಪ್ರದರ್ಶನ ಮುಗಿದ ಮೇಲೆ ಅದೂ ಹೋಯಿತು. 1972ರ ಏಷ್ಯಾ ವ್ಯಾಪಾರ ಮೇಳಕ್ಕಾಗಿ ಪ್ರಗತಿ ಮೈದಾನದಲ್ಲಿ ಬೇರೆ ಬೇರೆ ರಾಜ್ಯಗಳ ಮಣ್ಣಿನ ಮನೆಗಳ ಗ್ರಾಮ ಸಂಕೀರ್ಣ ಎದ್ದಿತು. ಮೇಳ ಮುಗಿದರೂ ಅದನ್ನು ಕೆಡವಲಿಲ್ಲ. ಅದರ ಪಕ್ಕದಲ್ಲಿ ಕೊರಿಯಾ ಅವರೇ ಕರಕುಶಲ ವಸ್ತು ಸಂಗ್ರಹಾಲಯದ ಕಟ್ಟಡ ರೂಪಿಸಿದರು. ಒಂದು ಅಂಗಳದಿಂದ ಇನ್ನೊಂದು ಅಂಗಳಕ್ಕೆ ಓಣಿಯಲ್ಲಿ ನಡೆದಂತೆ ನಡೆಯುವ, ಹಳ್ಳಿಯಿಂದ ಗುಡಿಗೆ, ಗುಡಿಯಿಂದ ಅರಮನೆಗೆ ಸಾಗುವ ವಿನ್ಯಾಸ. ದೇಶದ ಮೂಲೆಮೂಲೆಯ ಕುಶಲಕರ್ಮಿಗಳು ಅಲ್ಲಿ ಬಂದು ಕುಳಿತು ಕೆಲಸ ಮಾಡಿ ತಾವೇ ಮಾರುವ ವ್ಯವಸ್ಥೆ ಬೆಳೆಯಿತು. ಆಗ್ರಾ ಜೈಲಿನಿಂದ ಹಡಗು ಹತ್ತಿದವರ ಕಥೆ ಓದಿದವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ದುಡ್ಡು ಕುಶಲಿಯ ಕೈಗೇ ಹೋಗುತ್ತದೆ, ಮೇಳ ಮುಗಿದರೆ ಆತ ತನ್ನ ಊರಿಗೆ ಮರಳುತ್ತಾನೆ.

ಹರಿಪುರದ ಫಲಕಗಳಲ್ಲಿ ಹಲವು ದಿಲ್ಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಸೇರಿವೆ. 2019ರಲ್ಲಿ, ಗಾಂಧೀಜಿ ಹುಟ್ಟಿ 150 ವರ್ಷವಾದ ನೆನಪಿಗೆ, ಇಟಲಿಯ ವೆನಿಸ್ ಕಲಾ ಮೇಳದ ಭಾರತ ಮಂಟಪಕ್ಕೆ ಅವುಗಳಲ್ಲಿ ಕೆಲವನ್ನು ಒಯ್ದರು. ಹಳೆಯ ಹಡಗುಕಟ್ಟೆಯ ಆವರಣದಲ್ಲಿ, ಗೋಡೆಯ ಮೇಲೆ, ಹದವಾದ ಬೆಳಕಿನಲ್ಲಿ ಯುರೋಪಿನ ಜನ ಅವುಗಳನ್ನು ನೋಡಿದರು. ತಾಪಿ ದಂಡೆಯ ಬಿಸಿಲಿಗೆ, ಮೂರು ದಿನದ ಅಧಿವೇಶನಕ್ಕೆಂದು ಬರೆದ ಕಾಗದಗಳು ಎಂಬತ್ತೊಂದು ವರ್ಷ ಬಾಳಿ ಅಷ್ಟು ದೂರ ಹೋಗಿದ್ದವು. ಅವುಗಳನ್ನು ತೂಗುಹಾಕಿದ್ದ ಬಿದಿರನ್ನು 1938ರಲ್ಲೇ ಬಿಚ್ಚಿದ್ದರು.